ಮನಸ್ಸಿನ ದುಡಿಮೆಗೂ ಲೆಕ್ಕ ಬೇಕು

(ದಾವಣಗೆರೆ ಮತ್ತು ಹರಿಹರದ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸಂಬಳ, ಬೋನಸ್ಸು, ಭವಿಷ್ಯನಿಧಿ ಇವುಗಳ ಮೇಲೆ ಭಾಷಣವೆಂದರೆ ಜನ ಸೇರುತ್ತಾರೆ. ಮನಸ್ಸಿನ ದಣಿವಿನ ಮೇಲೆ ಭಾಷಣವೆಂದರೆ, "ಅದು ಸ್ವಾಮಿಗಳ ಕೆಲಸ, ಇಲ್ಲವೆ ಡಾಕ್ಟರ ಕೆಲಸ, ಕಾರ್ಮಿಕರ ಸಭೆಯಲ್ಲಿ ಅದೇಕೆ?" ಎಂದು ಕೇಳುವವರುಂಟು. ಕೇಳುವುದು ತಪ್ಪಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವುದೇ ಈ ಹೊತ್ತಿನ ನಮ್ಮ ಕೆಲಸ.

ಹೆಚ್ಚು ಒತ್ತಡದ ವೃತ್ತಿಗಳಲ್ಲಿರುವವರ ಮನಸ್ಸಿನ ಮೇಲೆ ಎಷ್ಟು ಹೊರೆ ಬೀಳುತ್ತದೆ, ಅದರಿಂದ ಅವರು ಹೇಗೆ ಬಳಲಿ ಬರಿದಾಗುತ್ತಾರೆ ಎಂಬ ವಿಷಯದ ಮೇಲೆ ಈಗ ವಿಶ್ವವಿದ್ಯಾನಿಲಯಗಳಲ್ಲಿ ಡಾಕ್ಟರೇಟ್ ಪ್ರಬಂಧಗಳು ಬರೆಯಲ್ಪಡುತ್ತಿವೆ. ಯಾರ ಮೇಲೆ ಈ ಅಧ್ಯಯನಗಳು ಹೆಚ್ಚು ನಡೆದಿವೆ ಎಂದು ನೋಡಿದರೆ ವೈದ್ಯರು, ದಾದಿಯರು, ವಿಮಾನ ನಡೆಸುವವರು, ಪೊಲೀಸರು, ಅಧ್ಯಾಪಕರು, ಕಂಪ್ಯೂಟರ್ ಕೆಲಸದವರು ಸಿಗುತ್ತಾರೆ. ಇವರ ಕಷ್ಟ ಸುಳ್ಳಲ್ಲ. ಆ ಅಧ್ಯಯನ ಬೇಕಾದುದೇ. ಆದರೆ ರಾತ್ರಿ ಪಾಳಿಯಲ್ಲಿ ರಿಂಗ್ ಫ್ರೇಮಿನ ಮುಂದೆ ಅಡ್ಡಾಡುವವನು, ಮಂಡಕ್ಕಿ ಭಟ್ಟಿಯ ಬಾಯಿಯ ಮುಂದೆ ನಿಂತವನು, ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸೀರೆ ಬಿಡಿಸಿ ಮಡಿಸುವ ಹುಡುಗಿ, ಉದ್ದರಿ ಪುಸ್ತಕವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುವ ಕಿರಾಣಿ ಅಂಗಡಿಯವನು, ಇವರು ಆ ಪಟ್ಟಿಯಲ್ಲಿ ಅಪರೂಪ. ಮೈ ಮುರಿದು ದುಡಿಯುವವನಿಗೆ ಮನಸ್ಸಿನ ದಣಿವೆಲ್ಲಿಯದು, ಉಂಡು ಮಲಗಿದರೆ ಬೆಳಗ್ಗೆ ಸರಿಹೋಗುತ್ತಾನೆ ಎಂಬ ನಂಬಿಕೆ ಓದಿದವರಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ.

ನಾವು ಎರಡು ಮಾತು ಹೇಳಲು ಬಂದಿದ್ದೇವೆ. ಒಂದು, ಈ ದಣಿವು ಮನುಷ್ಯನ ದೌರ್ಬಲ್ಯವಲ್ಲ. ಕೆಲಸವನ್ನು ಹೂಡಿದ ರೀತಿಯಲ್ಲಿ ಅದರ ಬೇರಿದೆ. ಎರಡು, ಅದರ ಲೆಕ್ಕ ನಮ್ಮ ಊರಿನಲ್ಲಿಯೂ ಆಗಬೇಕು, ನಮ್ಮನ್ನು ಸೇರಿಸಿಕೊಂಡೇ ಆಗಬೇಕು.

ಹೆಸರು ಹೊಸದು, ಬೇನೆ ಹಳೆಯದು

ಇಂಗ್ಲಿಷಿನಲ್ಲಿ ಇದಕ್ಕೆ ಬರ್ನ್‌ಔಟ್ ಎನ್ನುತ್ತಾರೆ. ಉರಿದು ಉರಿದು ಆರಿಹೋಗುವುದು. ನಮ್ಮ ಕಡೆ "ಸಾಕಾಗಿ ಹೋಗೇತ್ರಿ", "ತಲಿ ಕೆಟ್ಟು ಕೆರ ಹಿಡದೇತಿ" ಎಂದು ದಿನವೂ ಆಡುವ ಮಾತಿನಲ್ಲಿ ಇದೇ ಬೇನೆಯಿದೆ. ಆ ಮಾತನ್ನು ನಾವು ಗೊಣಗಾಟವೆಂದು ತಳ್ಳಿಹಾಕಿದೆವು. ವಿದ್ವಾಂಸರು ಅದನ್ನೇ ಹಿಡಿದು ಪರೀಕ್ಷಿಸಿದರು.

1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಮೊದಲ ಗಟ್ಟಿ ಲೇಖನ ಬರೆದರು. ಅವರು ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವರು. ನ್ಯೂಯಾರ್ಕಿನಲ್ಲಿ ಬಡವರಿಗಾಗಿ ನಡೆಯುತ್ತಿದ್ದ ಧರ್ಮಾರ್ಥ ಚಿಕಿತ್ಸಾಲಯದಲ್ಲಿ ಸೇವೆಗೆಂದು ಉತ್ಸಾಹದಿಂದ ಬಂದ ಯುವಕರು ಕ್ರಮೇಣ ನಿಸ್ಸತ್ತ್ವರಾಗುವುದನ್ನು ಅವರು ಕಂಡರು. ಮನಸ್ಸಿಟ್ಟು ದುಡಿದವರೇ ಮೊದಲು ಬಿದ್ದರು ಎಂಬುದನ್ನು ನೆನಪಿಡಿ. ಸೋಮಾರಿಗೆ ಈ ಬೇನೆ ಬರುವುದಿಲ್ಲ.

ಆಮೇಲೆ ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಎಂಬ ಇಬ್ಬರು ಮಹಿಳೆಯರು 1981ರಲ್ಲಿ ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಅವರು ಹೇಳಿದ ಲಕ್ಷಣ ಮೂರು. ಮೊದಲನೆಯದು, ನಿದ್ದೆಯಿಂದಲೂ ಹೋಗದ ದಣಿವು. ಎರಡನೆಯದು, ಎದುರಿಗೆ ಬಂದ ಮನುಷ್ಯನ ಮೇಲೆ ಜಿಗುಪ್ಸೆ. ರೋಗಿ ದಾದಿಗೆ ಬರಿಯ ಹಾಸಿಗೆಯ ನಂಬರಾಗುತ್ತಾನೆ, ಪ್ರಯಾಣಿಕ ಕಂಡಕ್ಟರನಿಗೆ ಬರಿಯ ತಲೆನೋವಾಗುತ್ತಾನೆ. ಮೂರನೆಯದು, "ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ, ಮಾಡಿದ್ದೆಲ್ಲ ವ್ಯರ್ಥ" ಎಂಬ ಭಾವನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದಲ್ಲಿ ಹೆಚ್ಚು ಕಡಿಮೆ ಇದೇ ಮೂರನ್ನು ಬರೆದುಕೊಂಡಿತು. ಆದರೆ ಇದನ್ನು ರೋಗವೆಂದು ಕರೆಯಲಿಲ್ಲ. ಕೆಲಸಕ್ಕೆ ಸಂಬಂಧಿಸಿದ ಸಂಗತಿ, ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಇರುವುದರಿಂದ ಬರುವುದು ಎಂದಿತು. ಈ ಮಾತಿಗೆ ಬಹಳ ಬೆಲೆಯಿದೆ. ಬೇನೆ ಮನುಷ್ಯನಲ್ಲಿ ಕಾಣುತ್ತದೆ, ಕಾರಣ ಕೆಲಸದಲ್ಲಿದೆ ಎಂದು ಜಗತ್ತಿನ ದೊಡ್ಡ ವೈದ್ಯ ಸಂಸ್ಥೆಯೇ ಒಪ್ಪಿದಂತಾಯಿತು.

ನಮ್ಮ ಊರಿನ ಮಂಡಕ್ಕಿ ಭಟ್ಟಿಯನ್ನೇ ನೋಡಿ. ಉಪ್ಪು ಹಚ್ಚಿದ ಅಕ್ಕಿ ಕಾದ ಮರಳಿನಲ್ಲಿ ಬಿದ್ದು ಅರಳುತ್ತದೆ. ಹದ ತಪ್ಪಿ ಕಾವು ಹೆಚ್ಚಾದರೆ ಸೀದು ಕಪ್ಪಾಗುತ್ತದೆ. ಆಗ ಭಟ್ಟಿಯವನು ಬೆಂಕಿಯ ಕಡೆ ನೋಡುತ್ತಾನೆ. ಅಕ್ಕಿಗೆ ಬುದ್ಧಿ ಹೇಳುತ್ತಾ ಕೂಡುವುದಿಲ್ಲ. ಕೆಲಸಗಾರನ ವಿಷಯ ಬಂದಾಗ ಮಾತ್ರ ಈ ಸರಳ ವಿವೇಕ ಎಲ್ಲಿ ಹೋಗುತ್ತದೆ? ಸೀದುಹೋದವನಿಗೆ "ಗಟ್ಟಿಯಾಗು, ಧ್ಯಾನ ಮಾಡು" ಎಂಬ ಉಪದೇಶ. ಬೆಂಕಿಯ ಸುದ್ದಿ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಇದು.

ಹೊರೆಯ ತೂಕ

ದಣಿವಿಗೆ ಮೊದಲು ಹೊರೆ. ತಲೆಯ ಮೇಲಿನ ಮೂಟೆಯನ್ನು ತಕ್ಕಡಿಯಲ್ಲಿ ತೂಗಬಹುದು, ತಲೆಯ ಒಳಗಿನ ಮೂಟೆಯನ್ನು ತೂಗುವುದು ಹೇಗೆ? ಅಮೆರಿಕದ ನಾಸಾ ಸಂಸ್ಥೆಯಲ್ಲಿದ್ದ ಸಾಂಡ್ರಾ ಹಾರ್ಟ್ ಎಂಬಾಕೆ ಲೋವೆಲ್ ಸ್ಟೇವ್‌ಲ್ಯಾಂಡ್ ಎಂಬವರ ಜೊತೆಗೂಡಿ 1988ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ವಿಮಾನದಂಥ ಯಂತ್ರ ನಡೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಇಂದಿಗೂ ಸಂಶೋಧಕರು ಹೆಚ್ಚಾಗಿ ಬಳಸುವ ತಕ್ಕಡಿ ಅದು. ಅದರಲ್ಲಿ ಕೇಳುವುದು ಆರೇ ಸಂಗತಿ. ಈ ಕೆಲಸಕ್ಕೆ ಮನಸ್ಸು ಎಷ್ಟು ದುಡಿಯಬೇಕು? ಮೈ ಎಷ್ಟು ದುಡಿಯಬೇಕು? ಸಮಯದ ಅವಸರ ಎಷ್ಟು? ಕೆಲಸ ಎಷ್ಟರ ಮಟ್ಟಿಗೆ ಚೆನ್ನಾಗಿ ಆಯಿತು? ಅದಕ್ಕಾಗಿ ಎಷ್ಟು ಹೆಣಗಬೇಕಾಯಿತು? ಎಷ್ಟು ಕಿರಿಕಿರಿ, ಎಷ್ಟು ಹತಾಶೆ?

ವಿಮಾನದವನನ್ನು ಬಿಟ್ಟು ಈ ಆರನ್ನು ನೂಲಿನ ಗಿರಣಿಯ ಕೆಲಸಗಾರನಿಗೆ ಕೇಳಿ. ಹೊರಗಿನವರ ಕಣ್ಣಿಗೆ ಅವನು ಸುಮ್ಮನೆ ಫ್ರೇಮುಗಳ ನಡುವೆ ಅಡ್ಡಾಡುತ್ತಾನೆ. ಒಳಗಿನ ಸಂಗತಿ ಬೇರೆ. ನೂರಾರು ಕದಿರುಗಳ ಮೇಲೆ ಏಕಕಾಲಕ್ಕೆ ಕಣ್ಣಿರಬೇಕು. ಯಾವ ಎಳೆ ಎಲ್ಲಿ ಕಡಿಯಿತು, ಯಾವುದನ್ನು ಮೊದಲು ಸೇರಿಸಬೇಕು, ಯಾವ ಬಾಬಿನ್ ತುಂಬಿತು ಎಂದು ಪ್ರತಿ ನಿಮಿಷವೂ ತೀರ್ಮಾನ ಮಾಡಬೇಕು. ಯಂತ್ರದ ಸದ್ದಿನಲ್ಲಿ ಪಕ್ಕದವನ ಜೊತೆ ಒಂದು ಮಾತಿಲ್ಲ. ಹತ್ತಿ ಸರಿಯಿಲ್ಲದಿದ್ದರೆ, ಗಾಳಿಯ ತೇವ ಹದವಿಲ್ಲದಿದ್ದರೆ ಎಳೆ ಹೆಚ್ಚು ಕಡಿಯುತ್ತದೆ. ಹತ್ತಿ ಕೊಂಡವನು ಅವನಲ್ಲ, ತೇವದ ಯಂತ್ರ ಅವನ ಕೈಯಲ್ಲಿಲ್ಲ, ಬೈಸಿಕೊಳ್ಳುವವನು ಮಾತ್ರ ಅವನೇ. ಇಷ್ಟು ಸೈಡು ನೋಡಿಕೊಳ್ಳುತ್ತಿದ್ದವನಿಗೆ ಇನ್ನೆರಡು ಸೈಡು ಸೇರಿಸಿದಾಗ ಮಾಲೀಕನ ಪುಸ್ತಕದಲ್ಲಿ ಏರುವುದು ನೂಲಿನ ತೂಕ. ಕೆಲಸಗಾರನ ತಲೆಯಲ್ಲಿ ಏರಿದ್ದನ್ನು ಬರೆದುಕೊಳ್ಳುವ ಪುಸ್ತಕವೇ ಇಲ್ಲ.

ಹರಿಹರದ ಲೇತ್ ಕೆಲಸವೂ ಹೀಗೆಯೇ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ, ದೇಶದ ಮೂಲೆ ಮೂಲೆಗೆ ಲೇತ್ ಯಂತ್ರಗಳನ್ನು ಕಳಿಸಿತು. ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಉಕ್ಕು ಕೊರೆಯುವವನ ಕೆಲಸವನ್ನು ಕೈಕೆಲಸವೆಂದು ಕರೆದವರಾರು? ಆ ಕೈಯ ಹಿಂದೆ ಎಂಟು ಗಂಟೆ ಎಚ್ಚರವಾಗಿದ್ದ ತಲೆಯೊಂದಿತ್ತು.

ಇಂದು ದಾವಣಗೆರೆ ಗಿರಣಿಗಳಿಗಿಂತ ಹೆಚ್ಚಾಗಿ ಆಸ್ಪತ್ರೆ, ಕಾಲೇಜುಗಳ ಊರು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾಯಿತು. ಚಿಗಟೇರಿ ಆಸ್ಪತ್ರೆಗೆ ಸುತ್ತಲಿನ ತಾಲ್ಲೂಕುಗಳ ಬಡವರು ಬರುತ್ತಾರೆ. ಗಿರಣಿ ಕಾರ್ಮಿಕನ ಮಗಳು ಇಂದು ದಾದಿ. ಮಗ ಔಷಧಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಇಲ್ಲವೆ ಮೋಟಾರ್ ಸೈಕಲ್ಲಿನ ಮೇಲೆ ಊಟದ ಪೊಟ್ಟಣ ಹಂಚುವವನು. ಅಪ್ಪನಿಗೆ ಭೋಂಗಾ ಕೂಗಿದರೆ ಪಾಳಿ ಮುಗಿಯುತ್ತಿತ್ತು. ಮಗನಿಗೆ ಜೇಬಿನ ಫೋನೇ ಭೋಂಗಾ. ಅದು ಯಾವಾಗ ಬೇಕಾದರೂ ಕೂಗುತ್ತದೆ, ಮುಗಿಯಿತೆಂದು ಕೂಗುವುದೇ ಇಲ್ಲ.

ದೊಡ್ಡವರ ಒತ್ತಡವೆಂಬ ಕಟ್ಟುಕಥೆ

ಒಂದು ಮಾತು ಬಹಳ ದಿನ ಚಲಾವಣೆಯಲ್ಲಿತ್ತು. ಹೊಣೆ ದೊಡ್ಡವರ ಮೇಲಿದೆ, ಆದುದರಿಂದ ಎದೆ ಒಡೆಯುವುದೂ ದೊಡ್ಡವರದೇ, ಜವಾನನಿಗೇನು ಚಿಂತೆ ಎಂಬುದು ಆ ಮಾತು. ಇಂಗ್ಲೆಂಡಿನಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. 1967ರಿಂದ ಲಂಡನ್ನಿನ ಸರಕಾರಿ ಕಚೇರಿಗಳ ಸಾವಿರಾರು ಗಂಡು ನೌಕರರನ್ನು ವರ್ಷಗಟ್ಟಲೆ ಗಮನಿಸಿದರು. ವೈಟ್‌ಹಾಲ್ ಅಧ್ಯಯನವೆಂದು ಅದಕ್ಕೆ ಹೆಸರು. ಅದರ ಫಲಿತಾಂಶವನ್ನು ಮೈಕೆಲ್ ಮಾರ್ಮಟ್ ಮೊದಲಾದ ವೈದ್ಯರು ಜಗತ್ತಿನ ಮುಂದಿಟ್ಟರು. ಹೃದಯದ ಬೇನೆಯಿಂದ ಸತ್ತವರ ಪ್ರಮಾಣ ಅತಿ ಮೇಲಿನ ಅಧಿಕಾರಿಗಳಿಗಿಂತ ಅತಿ ಕೆಳಗಿನ ಜವಾನ, ದ್ವಾರಪಾಲಕರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಬೀಡಿ ಸಿಗರೇಟು, ರಕ್ತದೊತ್ತಡ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಅಂತರ ಪೂರ್ತಿ ಹೋಗಲಿಲ್ಲ. 1985ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಎರಡನೆಯ ಅಧ್ಯಯನ ಶುರುವಾಯಿತು. ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದು ಆ ಅಂತರಕ್ಕೆ ಒಂದು ದೊಡ್ಡ ಕಾರಣವೆಂದು ಅದರಿಂದ ತಿಳಿಯಿತು.

ಇದಕ್ಕೂ ಮೊದಲು, 1979ರಲ್ಲಿ, ರಾಬರ್ಟ್ ಕರಾಸೆಕ್ ಎಂಬವರು ಇದನ್ನೇ ಸೂತ್ರದಂತೆ ಹೇಳಿದ್ದರು. ಬೇಡಿಕೆ ಹೆಚ್ಚು, ಹಿಡಿತ ಕಡಿಮೆ. ಇವೆರಡೂ ಕೂಡಿದ ಕಡೆ ಮನುಷ್ಯ ಕುಸಿಯುತ್ತಾನೆ. ಕೆಲಸ ಎಷ್ಟೇ ಇರಲಿ, ಯಾವುದನ್ನು ಮೊದಲು ಮಾಡಬೇಕು, ಯಾವಾಗ ಒಂದು ಗಳಿಗೆ ಕೂಡಬೇಕು ಎಂದು ತಾನೇ ನಿರ್ಧರಿಸುವವನು ತಾಳಿಕೊಳ್ಳುತ್ತಾನೆ. ಹೊಲದಲ್ಲಿ ಸ್ವಂತ ಉಳುಮೆ ಮಾಡುವವನು ಬಿಸಿಲಿಗೆ ಮರದ ಕೆಳಗೆ ಕೂತು ರೊಟ್ಟಿ ಬಿಚ್ಚಿದರೆ ಕೇಳುವವರಿಲ್ಲ. ಸಾಲಿನಲ್ಲಿ ನಿಂತು ಹೊಲಿಯುವ ಗಾರ್ಮೆಂಟ್ ಹೆಂಗಸು ನೀರು ಕುಡಿಯಲು ಹೋದರೂ ಎಣಿಸುವವರಿದ್ದಾರೆ. ಕಾಯಕದ ಹೆಸರು ಹೇಳಿ ದುಡಿಸುವವರು ಇದನ್ನು ಯೋಚಿಸಲಿ. ಕಾಯಕವೆಂದರೆ ತಾನು ಒಪ್ಪಿ, ತನ್ನ ಮನಸ್ಸಿನಿಂದ ಮಾಡಿದ ಕೆಲಸ. ಗಡಿಯಾರ ಹಿಡಿದು ಮಾಡಿಸಿದ್ದಕ್ಕೆ ಆ ಹೆಸರು ಸಲ್ಲದು.

ಹೊತ್ತಿನ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸೇರಿ 2021ರಲ್ಲಿ ಒಂದು ಅಂದಾಜು ಪ್ರಕಟಿಸಿದವು. ವಾರಕ್ಕೆ 35-40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಬೇನೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಇಂಥ ದೀರ್ಘ ದುಡಿಮೆಯಿಂದ 7 ಲಕ್ಷ 45 ಸಾವಿರ ಜನ ಸತ್ತಿರಬೇಕೆಂದು ಅವರ ಲೆಕ್ಕ. ನಮ್ಮ ಅಂಗಡಿಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬಂದು ರಾತ್ರಿ ಒಂಬತ್ತಕ್ಕೆ ಹೋಗುವವನ ವಾರವನ್ನು ನೀವೇ ಕೂಡಿಸಿ ನೋಡಿ.

ಎರಡು ಗಿರಣಿಗಳ ಕಥೆ

"ಎಲ್ಲ ಸರಿ, ಆದರೆ ಬೇರೆ ದಾರಿ ಏನಿದೆ? ಗಿರಣಿ ನಡೆಯಬೇಡವೆ?" ಎಂದು ಕೇಳುವಿರಿ. ಇದಕ್ಕೆ ಉತ್ತರ ಗಿರಣಿಗಳಲ್ಲಿಯೇ ಇದೆ.

ಮೊದಲನೆಯದು ಅಮೆರಿಕದ ಫಿಲಡೆಲ್ಫಿಯಾದ ಒಂದು ನೂಲಿನ ಗಿರಣಿ. ಅಲ್ಲಿ ಮ್ಯೂಲ್ ಎಂಬ ಯಂತ್ರದಲ್ಲಿ ನೂಲುವ ವಿಭಾಗವೊಂದರಲ್ಲಿ ಜನ ನಿಲ್ಲುತ್ತಲೇ ಇರಲಿಲ್ಲ; ನೂರು ಜಾಗ ತುಂಬಲು ವರ್ಷಕ್ಕೆ 250 ಜನರನ್ನು ಸೇರಿಸಿಕೊಳ್ಳಬೇಕಾಗಿತ್ತು. ದಕ್ಷತೆಯ ತಜ್ಞರು ಬಂದು ಬೋನಸ್ಸಿನ ಆಸೆ ತೋರಿಸಿದರು, ಫಲವಾಗಲಿಲ್ಲ. 1923ರಲ್ಲಿ ಎಲ್ಟನ್ ಮೇಯೋ ಎಂಬ ಪಂಡಿತರು ಬಂದು ನೋಡಿದರು. ದಿನವಿಡೀ ಒಬ್ಬೊಬ್ಬರೇ ಅಡ್ಡಾಡುತ್ತ ಎಳೆ ಸೇರಿಸುತ್ತಿದ್ದ ಆ ಜನರ ಕಾಲು ಸೋತಿತ್ತು, ಮನಸ್ಸು ಕಪ್ಪಿಟ್ಟಿತ್ತು. ಬೆಳಿಗ್ಗೆ ಎರಡು ಸಲ, ಮಧ್ಯಾಹ್ನ ಎರಡು ಸಲ ಹತ್ತು ಹತ್ತು ನಿಮಿಷ ಮಲಗಿ ವಿಶ್ರಮಿಸಲು ಬಿಟ್ಟರು. ಜನ ನಿಂತರು, ಉತ್ಪನ್ನ ಏರಿತು. ನಡುವೆ ಒಂದು ಸಲ ದೊಡ್ಡ ಆರ್ಡರು ಬಂತೆಂದು ಮೇಲ್ವಿಚಾರಕರು ವಿರಾಮ ಕಿತ್ತುಹಾಕಿದರು. ಕೆಲವೇ ದಿನಗಳಲ್ಲಿ ಕೆಲಸ ಹಿಂದಿನಂತೆಯೇ ಕುಸಿಯಿತು. ಮೇಯೋ ಕಾರ್ಮಿಕರ ಪಕ್ಷದವರೇನೂ ಅಲ್ಲ. ಆದರೂ ಅವರ ಅನುಭವ ನಮ್ಮ ಪರವಾಗಿ ಸಾಕ್ಷಿ ನುಡಿಯುತ್ತದೆ.

ಎರಡನೆಯದು ನಮ್ಮದೇ ದೇಶದ ಅಹಮದಾಬಾದಿನ ಕ್ಯಾಲಿಕೋ ಗಿರಣಿ. ಅಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದರು; ಎಣಿಸಿದಷ್ಟು ಬಟ್ಟೆ ಬರಲಿಲ್ಲ, ಬಂದುದರಲ್ಲಿ ಕೆಟ್ಟದ್ದೂ ಹೆಚ್ಚು. 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಬಂದು ನೋಡಿದರು. ಕೆಲಸವನ್ನು ಹನ್ನೆರಡು ತುಂಡು ಮಾಡಿ ಬೇರೆ ಬೇರೆಯವರಿಗೆ ಹಂಚಲಾಗಿತ್ತು. ಒಂದೇ ಮಗ್ಗಕ್ಕೆ ಹಲವರು ಕೈಹಾಕುತ್ತಿದ್ದರು. ಆದರೆ ಯಾರೂ ಯಾರ ಜೊತೆಗಾರರೂ ಅಲ್ಲ. ರೈಸ್ ಹೇಳಿದ್ದು ಇಷ್ಟೇ: ಇಷ್ಟು ಮಗ್ಗಗಳು ಒಂದು ಗುಂಪಿನವು, ಆ ಗುಂಪಿನೊಳಗೆ ಕೆಲಸ ಹಂಚಿಕೊಳ್ಳುವುದು ಅವರಿಗೇ ಬಿಟ್ಟದ್ದು. ಕೆಲಸಗಾರರು ಈ ಮಾತನ್ನು ಹಿಡಿದುಕೊಂಡು ಯಾರೂ ಹೇಳದೆ ತಮ್ಮ ತಮ್ಮ ಗುಂಪು ಕಟ್ಟಿಕೊಂಡರು. ಉತ್ಪನ್ನ ಏರಿತು, ಕೆಟ್ಟ ಬಟ್ಟೆ ಇಳಿಯಿತು. ಮಗ್ಗ ಅದೇ, ನೂಲು ಅದೇ, ಜನ ಅವರೇ, ಬದಲಾದದ್ದು ಏರ್ಪಾಡು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1970ರಲ್ಲಿ ಎರಿಕ್ ಮಿಲ್ಲರ್ ಎಂಬವರು ಹೋಗಿ ನೋಡಿದಾಗ ಆ ಪದ್ಧತಿ ಕೆಲವೆಡೆ ಉಳಿದಿತ್ತು, ಕೆಲವೆಡೆ ಕರಗಿಹೋಗಿತ್ತು. ಪಂಡಿತರ ಸಲಹೆಯಿಂದ ಬಂದ ಸೌಕರ್ಯ ಪರಿಸ್ಥಿತಿ ಬದಲಾದರೆ ಹೊರಟುಹೋಗಬಹುದು. ಕರಾರಿನಲ್ಲಿ ಬರೆಸಿಕೊಂಡದ್ದು, ಸಂಘ ಕಾದುಕೊಂಡದ್ದು ಅಷ್ಟು ಸುಲಭವಾಗಿ ಹೋಗುವುದಿಲ್ಲ.

ವ್ಯಾಪಾರಿ ಮಿತ್ರರಿಗೆ ಎರಡು ಮಾತು

ಸಣ್ಣ ವ್ಯಾಪಾರಿ ತನ್ನ ಗಲ್ಲಾಪೆಟ್ಟಿಗೆಗೆ ತಾನೇ ಯಜಮಾನ. ಹಾಗಾದರೆ ಕೆಲಸದ ಮೇಲೆ ಹಿಡಿತ ಅವನಿಗಿರಬೇಕಲ್ಲವೆ? ಕಾಗದದ ಮೇಲೆ ಇದೆ. ನಿಜವಾಗಿ ನೋಡಿದರೆ ಸಗಟು ವ್ಯಾಪಾರಿಯ ವಾಯಿದೆ, ಗಿರಾಕಿಯ ಉದ್ದರಿ, ಫೋನಿನಲ್ಲಿ ಮನೆಗೇ ಸಾಮಾನು ಕಳಿಸುವ ದೊಡ್ಡ ಕಂಪನಿಯ ದರ, ಈ ಮೂರರ ನಡುವೆ ಅವನ ತಲೆ ಅರೆಯುವ ಕಲ್ಲಿಗೆ ಸಿಕ್ಕ ಕಾಳು. 2017ರ ಜುಲೈ 1ರಂದು ಜಿಎಸ್‌ಟಿ ಬಂದಮೇಲೆ ನೋಂದಾಯಿಸಿಕೊಂಡವನಿಗೆ ತಿಂಗಳ ತಾರೀಖುಗಳು ಕಾಯತೊಡಗಿದವು. 2025ರ ಜುಲೈ ತಿಂಗಳಿನಲ್ಲಿ ಫೋನಿನ ಮೂಲಕ ಪಡೆದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ, ಬೇಕರಿಯವರು, ತರಕಾರಿಯವರು ದಿಕ್ಕು ತೋಚದೆ ಬೀದಿಗೆ ಬಂದುದನ್ನು ನೀವು ಬಲ್ಲಿರಿ. ಕೊನೆಗೆ ಸರಕಾರ ಹಳೆಯ ಬಾಕಿಯ ವಿಷಯದಲ್ಲಿ ಹಿಂದೆ ಸರಿಯಿತು. ಆ ದಿನಗಳಲ್ಲಿ ಕಳೆದುಹೋದ ನಿದ್ದೆಯನ್ನು ಯಾರೂ ವಾಪಸು ಕೊಡಲಿಲ್ಲ.

ಇದು ಒಂದು ಮುಖ. ಇನ್ನೊಂದು ಮುಖವನ್ನೂ ಹೇಳಬೇಕು, ಮುಚ್ಚಿಟ್ಟರೆ ಸ್ನೇಹವಾಗದು. ನಿಮ್ಮ ಅಂಗಡಿಯಲ್ಲಿ ದುಡಿಯುವ ಹುಡುಗ ಹುಡುಗಿಯರಿಗೂ ತಲೆಯುಂಟು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅವರಿಗೆ ವಾರದ ರಜೆಯನ್ನು ಹಕ್ಕಾಗಿ ಕೊಟ್ಟಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿಯೂ ಕೂಡಬಾರದೆಂಬ ಕಟ್ಟಳೆ ಎಷ್ಟೋ ಅಂಗಡಿಗಳಲ್ಲಿದೆ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂಡಲು ಆಸನ ಕೊಡಲೇಬೇಕೆಂದು ಕಾನೂನು ತಿದ್ದಿದವು. ದಾವಣಗೆರೆಯ ವ್ಯಾಪಾರಿಗಳು ಕಾನೂನಿಗೆ ಕಾಯಬೇಕೆ? ಒಂದು ಸ್ಟೂಲಿನ ಬೆಲೆ ಎಷ್ಟು? ಒತ್ತಡ ಮೇಲಿನಿಂದ ಕೆಳಕ್ಕೆ ಇಳಿಯುವ ನೀರು. ಸಗಟಿನವನು ನಿಮ್ಮ ಮೇಲೆ ಹಾಕಿದ್ದನ್ನು ನೀವು ಹುಡುಗನ ಮೇಲೆ ಹಾಕಿದರೆ ಅದು ನಿಮ್ಮಿಂದ ಕಳೆಯುವುದಿಲ್ಲ, ಎರಡಾಗುತ್ತದೆ. ಬೀದಿಯ ಅಂಗಡಿಯವರೆಲ್ಲ ಒಂದಾಗಿ ವಾರಕ್ಕೊಂದು ದಿನ, ರಾತ್ರಿಗೊಂದು ಹೊತ್ತು ಗೊತ್ತುಮಾಡಿ ಬಾಗಿಲು ಹಾಕಿದರೆ ಯಾರಿಗೂ ಪೈಪೋಟಿಯ ಭಯವಿಲ್ಲ; ನೌಕರನಿಗೂ ಬಿಡುವು, ಯಜಮಾನನಿಗೂ ಬಿಡುವು.

ಗಿರಣಿ ಮುಚ್ಚಿದ ಮೇಲೆ

ಹೆಚ್ಚು ಕೆಲಸ ಸುಡುತ್ತದೆ. ಕೆಲಸ ಹೋಗುವುದೂ ಸುಡುತ್ತದೆ. ನಮ್ಮ ಊರಿಗೆ ಇದು ಪುಸ್ತಕದ ಮಾತಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯ ಹತ್ತಿ ಗಿರಣಿಗಳು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಒಂದೊಂದಾಗಿ ನಿಂತವು. ಈ ಶತಮಾನದ ಆರಂಭದಲ್ಲಿ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಬಾಕಿ ಹಣದ ಮೊಕದ್ದಮೆಗಳಿಗೆ ಕಡತಗಳಿವೆ. ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲದ ಆ ಮನುಷ್ಯರ ಮನಸ್ಸಿಗೆ ಕಡತವಿಲ್ಲ.

ಇಂಥ ಕಡತ ಒಂದು ಊರಿನಲ್ಲಿ ಆಯಿತು. ಆಸ್ಟ್ರಿಯಾ ದೇಶದ ವಿಯೆನ್ನಾ ಬಳಿಯ ಮಾರಿಯೆನ್‌ಟಾಲ್ ಗಿರಣಿಯ ಊರು. 1929-30ರ ಸುಮಾರಿಗೆ ಗಿರಣಿ ಮುಚ್ಚಿತು. ಊರಿಗೆ ಊರೇ ನಿರುದ್ಯೋಗಿಯಾಯಿತು. ಮರೀ ಯಹೋದಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ತ್ಸೈಸೆಲ್ ಎಂಬ ತರುಣ ಸಂಶೋಧಕರು ಅಲ್ಲಿಗೆ ಹೋಗಿ ನೋಡಿದ್ದನ್ನು 1933ರಲ್ಲಿ ಪ್ರಕಟಿಸಿದರು. ಕೆಲಸವಿಲ್ಲದವನಿಗೆ ಹೊತ್ತು ಬಹಳ, ಓದುತ್ತಾನೆ ಎಂದು ನಾವು ತಿಳಿಯುತ್ತೇವೆ. ಅಲ್ಲಿ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಬೀದಿಯಲ್ಲಿ ಗಂಡಸರ ನಡಿಗೆಯನ್ನು ಗಡಿಯಾರ ಹಿಡಿದು ಅಳೆದರು. ನಡಿಗೆ ನಿಧಾನವಾಗಿತ್ತು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಂಗಸರಿಗೆ ಮಾತ್ರ ಮನೆಗೆಲಸ ಹಿಂದಿನಂತೆಯೇ ಇತ್ತು, ಹಣ ಇರಲಿಲ್ಲ. ಗಿರಣಿ ನಿಂತ ಕಾಲದಲ್ಲಿ ನಮ್ಮ ಕೇರಿಗಳಲ್ಲಿ ಗಡಿಯಾರ ಹಿಡಿದು ನಿಂತವರಿದ್ದರೆ ಏನು ಕಾಣುತ್ತಿದ್ದರು ಎಂಬುದನ್ನು ಇಲ್ಲಿ ಕುಳಿತ ಹಿರಿಯರು ಹೇಳಬಲ್ಲರು.

ಕಾನೂನು ಏನು ಹೇಳುತ್ತದೆ?

1948ರ ಕಾರ್ಖಾನೆ ಕಾಯ್ದೆ ಉದ್ಯೋಗದಿಂದ ಬರುವ 29 ರೋಗಗಳ ಪಟ್ಟಿ ಕೊಟ್ಟಿತ್ತು. ಸೀಸದ ವಿಷ, ಹತ್ತಿಯ ದೂಳಿನಿಂದ ಬರುವ ಶ್ವಾಸಕೋಶದ ಬೇನೆ, ಸದ್ದಿನಿಂದ ಬರುವ ಕಿವುಡು, ಎಲ್ಲವೂ ಇದ್ದವು, ಮನಸ್ಸಿನ ಹೆಸರಿರಲಿಲ್ಲ. 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದು ಹಳೆಯ ಕಾಯ್ದೆಯನ್ನು ಅದರೊಳಗೆ ಸೇರಿಸಿತು. ಪಟ್ಟಿಗೆ ಮನಸ್ಸು ಆಗಲೂ ಸೇರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿಯೇ ತನ್ನ ಪಟ್ಟಿಯಲ್ಲಿ ಮಾನಸಿಕ ಬೇನೆಗಳಿಗೆ ಜಾಗ ಕೊಟ್ಟಿತ್ತು. ದುಡಿದು ದುಡಿದು ಸಾಯುವುದಕ್ಕೆ ಕರೋಶಿ ಎಂಬ ಮಾತನ್ನೇ ಹುಟ್ಟಿಸಬೇಕಾಗಿ ಬಂದ ಜಪಾನು 2014ರಲ್ಲಿ ಅದನ್ನು ತಡೆಯಲೆಂದು ಕಾನೂನು ಮಾಡಿತು. ನಮ್ಮ ರಾಜ್ಯ ನಡೆದದ್ದು ಯಾವ ದಿಕ್ಕಿಗೆ? 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ ಮಿತಿ 48 ಗಂಟೆಯನ್ನು ಹಾಗೆಯೇ ಇಟ್ಟು, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ದಾರಿ ಮಾಡಿತು. ವಾರದ ಮೊತ್ತ ಬದಲಾಗಲಿಲ್ಲವಲ್ಲ ಎನ್ನುವವರು ಒಂದನ್ನು ಮರೆಯುತ್ತಾರೆ. ಹನ್ನೊಂದನೆಯ ಗಂಟೆಯ ಎಚ್ಚರ ಎರಡನೆಯ ಗಂಟೆಯ ಎಚ್ಚರವಲ್ಲ; ಬೆರಳು ಯಂತ್ರಕ್ಕೆ ಸಿಗಲು ಒಂದು ಕ್ಷಣದ ಮಂಪರು ಸಾಕು.

ಸಂಶೋಧಕ ಬಂದಾಗ

ಇನ್ನು ನಮ್ಮ ಎರಡನೆಯ ಮಾತು. 2009ರಿಂದ ದಾವಣಗೆರೆಗೆ ತನ್ನದೇ ವಿಶ್ವವಿದ್ಯಾನಿಲಯವಿದೆ. ಇಂದಲ್ಲ ನಾಳೆ ಒಬ್ಬ ತರುಣನೋ ತರುಣಿಯೋ ಪ್ರಶ್ನೆಯ ಹಾಳೆ ಹಿಡಿದು ನಿಮ್ಮ ಗೇಟಿಗೆ, ನಿಮ್ಮ ಅಂಗಡಿಗೆ ಬರಬಹುದು. "ಹೇಳಿದರೆ ಕೆಲಸಕ್ಕೆ ಕುತ್ತು, ಹೇಳದಿದ್ದರೆ ನಷ್ಟವಿಲ್ಲ" ಎಂದು ಎಲ್ಲದಕ್ಕೂ "ಚೆನ್ನಾಗೇತ್ರಿ" ಎಂದು ಬರೆಸಿ ಕಳಿಸುವುದು ಸುಲಭ. ಹಾಗೆ ಮಾಡಿದರೆ ಪ್ರಬಂಧದಲ್ಲಿ "ಇಲ್ಲಿನ ಕಾರ್ಮಿಕರು ಸುಖವಾಗಿದ್ದಾರೆ" ಎಂದು ಅಚ್ಚಾಗುತ್ತದೆ. ನಾಳೆ ಅದನ್ನೇ ನಿಮ್ಮ ಮುಂದೆ ಹಿಡಿಯುತ್ತಾರೆ.

ಆದುದರಿಂದ ಉತ್ತರ ಕೊಡಿ, ಆದರೆ ಷರತ್ತು ಹಾಕಿ. ನಿಮ್ಮ ಹೆಸರು ಹಾಳೆಯ ಮೇಲೆ ಇರಕೂಡದು. ಹಾಳೆ ಮೇಸ್ತ್ರಿಯ ಕೈ ದಾಟಿ ಹೋಗಕೂಡದು. ಮಾಲೀಕನ ಕೊಠಡಿಯಲ್ಲಿ ಕೂಡಿಸಿ ಕೇಳಕೂಡದು. ಪ್ರಶ್ನೆ ನಿಮ್ಮ ಕನ್ನಡದಲ್ಲಿರಬೇಕು. "ನಿಮಗೆ ಎಷ್ಟು ದಣಿವಾಗಿದೆ" ಎಂದು ಕೇಳಿದವರು "ನಿಮ್ಮ ಪಾಳಿಯಲ್ಲಿ ಎಷ್ಟು ಜನ ಇರಬೇಕು, ಎಷ್ಟು ಜನ ಇದ್ದಾರೆ" ಎಂದೂ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಂಡದ್ದನ್ನು ವಾಪಸು ಬಂದು ಇದೇ ಜನರ ಮುಂದೆ ಹೇಳಬೇಕು. ಇದು ಅತಿಯಾಸೆಯಲ್ಲ. ಮಾರಿಯೆನ್‌ಟಾಲಿನ ಸಂಶೋಧಕರು ಬರಿಯ ನೋಡುಗರಾಗಿ ಯಾರೂ ಊರಿನಲ್ಲಿರಕೂಡದೆಂದು ತಮಗೆ ತಾವೇ ನಿಯಮ ಹಾಕಿಕೊಂಡಿದ್ದರು. ಬಟ್ಟೆ ಹಂಚಿದರು, ವೈದ್ಯರನ್ನು ಕರೆತಂದರು, ಹೊಲಿಗೆ ಕಲಿಸಿದರು. ಅದರ ಜೊತೆಯಲ್ಲಿ ಅಧ್ಯಯನ ಮಾಡಿದರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಾರಣ ಕೆಲಸದಲ್ಲಿದೆ ಎಂದ ಮಾತ್ರಕ್ಕೆ ವೈದ್ಯರು ಬೇಡವೆಂದು ಅರ್ಥವಲ್ಲ. ವಾರಗಟ್ಟಲೆ ನಿದ್ದೆಯಿಲ್ಲದವನು, ಬದುಕೇ ಬೇಡವೆನ್ನುವವನು ಸಭೆಯ ನಿರ್ಣಯಕ್ಕೆ ಕಾಯಕೂಡದು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಮನಸ್ಸಿನ ಚಿಕಿತ್ಸೆ ಸಿಗುವ ಏರ್ಪಾಡನ್ನು ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಅದೇ ಮಾದರಿ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು. 2022ರಿಂದ 14416 ಎಂಬ ನಂಬರಿಗೆ ಫೋನ್ ಮಾಡಿದರೆ ಖರ್ಚಿಲ್ಲದೆ ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ. ನಂಬರನ್ನು ಬರೆದುಕೊಳ್ಳಿ, ನಿಮಗೆ ಬೇಡವಾದರೂ ಪಕ್ಕದವನಿಗೆ ಬೇಕಾಗಬಹುದು.

ಸಂಗಾತಿಗಳೆ, ಎಂಟು ಗಂಟೆಯ ದುಡಿಮೆಗೆ ಹಿಂದಿನವರು ಹೋರಾಡಿದಾಗ ಅವರು ಕೇಳಿದ್ದು ಬರಿಯ ಮೈಗೆ ವಿಶ್ರಾಂತಿಯಲ್ಲ. ಎಂಟು ಗಂಟೆ ನಿದ್ದೆ, ಉಳಿದ ಎಂಟು ಗಂಟೆ ತಮ್ಮದು ಎಂದು ಕೇಳಿದರು. ಆ ಮೂರನೆಯ ಪಾಲನ್ನು ಈಗ ತಲೆಯೊಳಗಿನಿಂದಲೇ ಕದಿಯುತ್ತಿದ್ದಾರೆ. ನಾಳೆಯಿಂದಲೇ ಒಂದು ನೋಟ್‌ಬುಕ್ ಇಡಿ. ಪಾಳಿ ಎಷ್ಟು ಹೊತ್ತಾಯಿತು, ಬಿಡುವು ಎಷ್ಟು ಸಿಕ್ಕಿತು, ಎಷ್ಟು ಜನರ ಕೆಲಸ ಎಷ್ಟು ಜನ ಮಾಡಿದಿರಿ, ಮನೆಗೆ ಹೋದಮೇಲೆ ಮಕ್ಕಳ ಜೊತೆ ಮಾತನಾಡುವ ಮನಸ್ಸು ಉಳಿದಿತ್ತೆ ಇಲ್ಲವೆ, ಇಷ್ಟನ್ನು ದಿನಕ್ಕೆ ಒಂದು ಸಾಲಿನಲ್ಲಿ ಬರೆಯಿರಿ. ಮೂರು ತಿಂಗಳಿಗೆ ಸಂಘದಲ್ಲಿ ಎಲ್ಲರ ಪುಸ್ತಕಗಳನ್ನೂ ಕೂಡಿಸೋಣ. ಮುಂದಿನ ಕರಾರಿನ ಮಾತುಕತೆಗೆ ಸಂಬಳದ ಪಟ್ಟಿಯ ಜೊತೆ ಆ ಲೆಕ್ಕವನ್ನೂ ಮೇಜಿನ ಮೇಲಿಡೋಣ. ಸಂಶೋಧಕರು ಬಂದರೆ ಅವರ ಕೈಗೂ ಕೊಡೋಣ.